‘ಸಚಿತ್ರ’ವೆಂಬ ಮರೆ

ರಕ್ಷಾಪುಟದ ಮೇಲೆ ‘ಸಚಿತ್ರ’ ಎಂದು ಅಚ್ಚು ಹಾಕಿದೊಡನೆ ಬೆಲೆಯೇರಿಸುವ ಹಕ್ಕು ತಮಗೆ ಬಂದಿತೆಂದು ನಮ್ಮ ಕೆಲವು ಪ್ರಕಾಶಕರು ಬಗೆದಂತಿದೆ. ಆಕ್ಷೇಪಿಸಿದರೆ ಉತ್ತರ ಸಿದ್ಧವಾಗಿದೆ: “ಚಿತ್ರಗಳಿವೆಯಲ್ಲ, ಸುಳ್ಳೇನು ಹೇಳಿದೆವು?” ವ್ಯಾಕರಣಕ್ಕೆ ಮಾತು ಸರಿಯೇ. ‘ಸ’ ಎಂದರೆ ‘ಕೂಡಿದ’ ಎಂದಷ್ಟೇ ಅರ್ಥ. ಮದುವೆಯ ಕರೆಯೋಲೆಯಲ್ಲಿ ‘ಸಕುಟುಂಬ’ ಎಂದು ಬರೆಯುತ್ತೇವೆ. ಬಂದ ಕುಟುಂಬ ಬಡಿಸಲು ಕೈಹಾಕುತ್ತದೆಯೋ ಸುಮ್ಮನೆ ಉಂಡು ಹೋಗುತ್ತದೆಯೋ, ಆ ಪದ ಹೇಳುವುದಿಲ್ಲ.

ಆದರೆ ಇದು ಇಂಗ್ಲಿಷಿನ ‘ಇಲ್ಲಸ್ಟ್ರೇಟೆಡ್’ ಪದಕ್ಕೆ ಸಮಾನವೆಂದು ಸಾಧಿಸಹೊರಟಾಗ ತಕರಾರು ತೆಗೆಯಲೇಬೇಕು. ಆ ಪದದ ಲ್ಯಾಟಿನ್ ಮೂಲದಲ್ಲಿರುವುದು ಬೆಳಗುವ ಕ್ರಿಯೆ. ಉದಾಹರಣೆ ಕೊಟ್ಟು ವಿಷಯವನ್ನು ವಿಶದಪಡಿಸುವುದಕ್ಕೂ ಅದೇ ಪದ. ಬೇರೆಡೆಯ ಚಿತ್ರಗಳನ್ನು ಕಿತ್ತುತಂದು ತುಂಬುವುದಕ್ಕೆ ಅವರಲ್ಲಿ ಇನ್ನೊಂದು ಕ್ರಿಯಾಪದವುಂಟು: ‘ಗ್ರೇಂಜರೈಸ್’. ಜೇಮ್ಸ್ ಗ್ರೇಂಜರ್ ಎಂಬ ಪಾದ್ರಿ 1769ರಲ್ಲಿ ಇಂಗ್ಲೆಂಡಿನ ಗಣ್ಯರ ಚರಿತ್ರೆಯನ್ನು, ಅವರ ಅಚ್ಚಾದ ಭಾವಚಿತ್ರಗಳ ಪಟ್ಟಿಯೊಡನೆ ಪ್ರಕಟಿಸಿದ. ಹವ್ಯಾಸಿಗಳು ಆ ಚಿತ್ರಗಳನ್ನು ಹುಡುಕಿ, ಬೇರೆ ಪುಸ್ತಕಗಳಿಂದಲೂ ಕತ್ತರಿಸಿ, ಇದರೊಳಗೆ ಸೇರಿಸತೊಡಗಿದರು. ಒಂದು ಪುಸ್ತಕ ಊದಿಕೊಂಡಿತು, ಹಲವು ಹಾಳಾದುವು. ಹೆಸರು ಪಾದ್ರಿಯ ತಲೆಗೆ ಕಟ್ಟಿತು, ಪಾಪ!

ನಮ್ಮ ‘ಸಚಿತ್ರ’ದ ಮರೆಯಲ್ಲಿ ಈ ಎರಡು ಕೆಲಸಗಳೂ ಒಂದಾಗಿ ಕುಳಿತಿವೆ. ಈಗ ನಿಂತುಹೋಗಿರುವ ‘ಚಂದಮಾಮ’ದಲ್ಲಿ ಶಂಕರ್ ಬರೆದ ವಿಕ್ರಮನನ್ನು ನೆನೆಯಿರಿ: ಹೆಗಲ ಮೇಲೆ ಶವ, ಕೈಯಲ್ಲಿ ಹಿರಿದ ಕತ್ತಿ. ಕಥೆ ಓದುವ ಮೊದಲೇ ಮಗುವಿಗೆ ಆ ಸ್ಮಶಾನದ ಇರುಳು ತಟ್ಟುತ್ತಿತ್ತು. ಇಂದು ಅಂತರಜಾಲದಿಂದ ಎತ್ತಿದ, ಇಲ್ಲವೇ ಯಂತ್ರಕ್ಕೆ ನಾಲ್ಕು ಮಾತು ಹೇಳಿ ಬರೆಸಿದ ಚಿತ್ರಗಳನ್ನು ನೋಡಿ. ಕಥೆಯಲ್ಲಿ ಮಲೆನಾಡಿನ ಅಜ್ಜಿ ಬಚ್ಚಲ ಹಂಡೆಗೆ ಉರಿ ಹಾಕುತ್ತಾಳೆ. ಚಿತ್ರದಲ್ಲಿ ಹಿಮ ಬೀಳುವ ನಾಡಿನ ಮನೆ, ಜಗಲಿಯ ಸುಳಿವೂ ಇಲ್ಲ. ಹಂಡೆಯನ್ನೇ ಕಾಣದ ಪೇಟೆಯ ಮಗು ಯಾವುದನ್ನು ನಂಬಬೇಕು? ಚಿತ್ರವನ್ನೇ ನಂಬುತ್ತದೆ. ಲೇಖಕ ಕಷ್ಟಪಟ್ಟು ಬರೆದ ಬಚ್ಚಲು ಅಲ್ಲಿಗೆ ಅಳಿಸಿಹೋಯಿತು. ಇಂಥ ಪುಸ್ತಕದಲ್ಲಿ ಚಿತ್ರಕಾರನ ಹೆಸರೂ ಇರುವುದಿಲ್ಲ. ಸಂಭಾವನೆಯ ಮಾತಂತೂ ದೂರವೇ ಉಳಿಯಿತು.

ಹೊಸ ಪದವನ್ನು ಟಂಕಿಸಿರೆಂದು ನಾನು ಕೇಳುತ್ತಿಲ್ಲ. ಅಂಥ ಟಂಕಸಾಲೆಗಳು ನಮ್ಮಲ್ಲಿ ಸಾಕಷ್ಟಿವೆ. ಕಥೆಯನ್ನು ಓದಿ ಚಿತ್ರ ಬರೆದವರಿದ್ದರೆ ಅವರ ಹೆಸರನ್ನು ಲೇಖಕರ ಹೆಸರಿನ ಕೆಳಗೇ ಅಚ್ಚುಹಾಕಿ, ಆಮೇಲೆ ‘ಸಚಿತ್ರ’ ಎನ್ನಿ. ಉಳಿದವಕ್ಕೆ ‘ಚಿತ್ರ ಅಂಟಿಸಿದ ಪುಸ್ತಕ’ ಎಂದರೆ ಸಾಲದೆ?