ಸೀಸೆಯೊಳಗಿನ ಬೆಟ್ಟಕ್ಕೊಂದು ಮಿತಿ

ಹಳೆಯ ಮೂಲಿಕೆಮದ್ಯದ ಸೀಸೆಗಳನ್ನು ಹುಡುಕಿ ಕೂಡಿಡುವವರ ದೊಡ್ಡ ಬಳಗವೇ ಯುರೋಪು, ಅಮೆರಿಕಗಳಲ್ಲಿದೆ. ಅವರು ಹೆಚ್ಚಾಗಿ ಬೆನ್ನುಹತ್ತುವುದು ಫ್ರಾನ್ಸಿನ ಗ್ರೆನೋಬ್ಲ್ ಸಮೀಪದ ಬೆಟ್ಟಸೀಮೆಯಲ್ಲಿ ತಯಾರಾಗುವ ‘ಶಾರ್ತ್ರೂಸ್’ ಎಂಬ ಹಸಿರು ಪೇಯವನ್ನು. ಇತ್ತೀಚಿನ ದಶಕಗಳ ಸೀಸೆಯ ಮೇಲೆ ಮುದ್ರಿತವಾದ ಸಂಖ್ಯೆಯ ಮೊದಲ ಮೂರು ಅಂಕೆಗಳಿಗೆ 1084ನ್ನು ಕೂಡಿಸಿದರೆ ಅದನ್ನು ತುಂಬಿದ ವರ್ಷ ದೊರೆಯುತ್ತದೆ. 937 ಎಂದಿದ್ದರೆ 2021. ಸಂತ ಬ್ರೂನೋ ಅಲ್ಲಿ ಮಠವನ್ನು ಸ್ಥಾಪಿಸಿದ್ದು 1084ರಲ್ಲಿ. ಆ ಮಠದವರು ಇಂದಿಗೂ ಕಾಲವನ್ನು ಎಣಿಸುವುದು ತಮ್ಮ ಬೆಟ್ಟದಿಂದಲೇ.

ಈ ಮದ್ಯದ ಮೂಲ 1605ರಲ್ಲಿ ಪ್ಯಾರಿಸಿನ ಮಠಕ್ಕೆ ಸೇನಾನಿಯೊಬ್ಬನು ಒಪ್ಪಿಸಿದ ಹಸ್ತಪ್ರತಿ. ಅದರ ಜಟಿಲ ವಿಧಾನವನ್ನು ಬಿಡಿಸಿಕೊಳ್ಳಲು ಸನ್ಯಾಸಿಗಳಿಗೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಬಳಸುವ ಮೂಲಿಕೆಗಳು 130. ಪೂರ್ಣ ವಿಧಾನ ಬಲ್ಲವರು ಇಬ್ಬರು ಮೂವರು ಸನ್ಯಾಸಿಗಳು ಮಾತ್ರ. ಒಣಗಿದ ಸೊಪ್ಪು, ಬೇರುಗಳನ್ನು ಮಠದಲ್ಲೇ ಕುಟ್ಟಿ ಬೆರೆಸಿ ಭಟ್ಟಿಮನೆಗೆ ಕಳುಹಿಸಲಾಗುತ್ತದೆ. 1903ರಲ್ಲಿ ಫ್ರೆಂಚ್ ಸರ್ಕಾರ ಅವರನ್ನು ದೇಶದಿಂದಲೇ ಹೊರದೂಡಿದಾಗ ಅವರು ಸ್ಪೇನಿನ ತರಗೋನಾದಲ್ಲಿ ಒಲೆ ಹೂಡಿದರು. ಹಿಂದಿರುಗಿದ ಮೇಲೆ, 1935ರಲ್ಲಿ, ಗುಡ್ಡವೇ ಕುಸಿದು ಅವರ ಭಟ್ಟಿಮನೆಯನ್ನು ನಾಶಮಾಡಿತು. ಮಳೆಗಾಲದಲ್ಲಿ ಗುಡ್ಡದ ಸದ್ದಿಗೆ ಕಿವಿಗೊಟ್ಟು ಮಲಗುವ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1989ರಲ್ಲಿ ಕೊನೆಗೊಂಡ ತರಗೋನಾ ತಯಾರಿಕೆಯ ಸೀಸೆಗಳಿಗೆ ಇಂದು ಹರಾಜಿನಲ್ಲಿ ಭಾರಿ ಬೆಲೆ. ಹಲವು ಮದ್ಯಗಳು ಸೀಸೆಗೆ ಬಿದ್ದ ಮೇಲೆ ಹೆಚ್ಚೇನೂ ಬದಲಾಗುವುದಿಲ್ಲ. ಇದು ಬದಲಾಗುತ್ತದೆ ಎಂಬುದೇ ಸಂಗ್ರಾಹಕರ ಆಕರ್ಷಣೆ. ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತು ಕಾಲಕ್ರಮದಲ್ಲಿ ಮೆಗ್ನೀಸಿಯಮ್ ಕಳೆದುಕೊಂಡು ಕಂದುಛಾಯೆಗೆ ತಿರುಗುತ್ತದೆ. ಎಳೆಯ ಮದ್ಯದ ಚುರುಕು ಖಾರ ತಗ್ಗಿ, ಜೇನು ಮತ್ತು ಒಣಹುಲ್ಲಿನ ಪರಿಮಳ ಮೇಲೇಳುತ್ತದೆ ಎಂದು ರುಚಿ ಬಲ್ಲವರು ವರ್ಣಿಸುತ್ತಾರೆ. ಎಂದೋ ಒಂದು ಬೇಸಿಗೆಯಲ್ಲಿ ಬೆಳೆದ ಗಿಡವನ್ನು ಅರ್ಧ ಶತಮಾನದ ಬಳಿಕ ನಾಲಿಗೆಯ ಮೇಲೆ ಗುರುತಿಸುವುದು ಹಗುರವಾಗಿ ಕಾಣಬಹುದಾದ ಹವ್ಯಾಸವಲ್ಲ. ಆದರೆ ಸಂಗ್ರಾಹಕರ ಲೆಕ್ಕದಲ್ಲಿ ಸೀಸೆ ಮಾತ್ರ ಅಪರೂಪವಾಗುತ್ತದೆ. ಗಿಡ ಎಂದಿಗೂ ಸಿಗುವ ವಸ್ತುವಾಗಿಯೇ ಉಳಿಯುತ್ತದೆ. ದೋಷವಿರುವುದು ಅಲ್ಲಿ.

ಮಠದವರ ಲೆಕ್ಕ ಬೇರೆ. ಬೇಡಿಕೆ ಏರುತ್ತಿದ್ದಾಗಲೇ, 2021ರಲ್ಲಿ, ಅವರು ತಯಾರಿಕೆಯನ್ನು ಹೆಚ್ಚಿಸದಿರಲು ತೀರ್ಮಾನಿಸಿದರು. 2023ರ ಆರಂಭದಲ್ಲಿ ವಿಷಯ ವ್ಯಾಪಾರಿಗಳಿಗೆ ಪತ್ರದ ಮೂಲಕ ತಲುಪಿ ಜಗಜ್ಜಾಹೀರಾಯಿತು. ಕೊಟ್ಟ ಕಾರಣಗಳು ಎರಡು: ಏಕಾಂತ ಹಾಗೂ ಪ್ರಾರ್ಥನೆಯ ಬದುಕಿಗೆ ಸಮಯ ಉಳಿಯಬೇಕು, ಪರಿಸರದ ಮೇಲಿನ ಹೊರೆ ಬೆಳೆಯಬಾರದು. ಅಂಗಡಿಗಳು ಬರಿದಾದವು, ಬೆಲೆ ಏರಿತು, ಒಂದಿಷ್ಟು ಜನ ಪೆಟ್ಟಿಗೆಗಟ್ಟಲೆ ಅಡಗಿಸಿಟ್ಟರು. ಅಭಾವವೂ ಒಂದು ಜಾಹೀರಾತೇ ಎಂಬ ಆಕ್ಷೇಪಣೆಯನ್ನು ತಳ್ಳಿಹಾಕಲಾಗದು. ಆದರೂ ಮಾರುಕಟ್ಟೆ ಇನ್ನಷ್ಟು ಕೇಳುತ್ತಿರುವಾಗ ‘ಇಷ್ಟು ಸಾಕು’ ಎಂದ ಉದ್ಯಮಗಳನ್ನು ಬೆರಳುಗಳಲ್ಲೇ ಎಣಿಸಬಹುದು. ಜಾಹೀರಾತೇ ಆಗಿದ್ದರೂ ಅದು ಅನುಕರಣೆಗೆ ಯೋಗ್ಯವಾದ ಜಾಹೀರಾತು.

ಮಿತಿ ಏಕೆ ಬೇಕೆಂಬುದಕ್ಕೆ ಉತ್ತರ ಫ್ರಾನ್ಸಿನದೇ ಇನ್ನೊಂದು ಗಿಡದಲ್ಲಿದೆ. 1889ರಲ್ಲಿ ಮಾರುಕಟ್ಟೆಗೆ ಬಂದ ‘ಸೂಜ್’ ಮೊದಲಾದ ಕಹಿಮದ್ಯಗಳು ನಿಂತಿರುವುದು ಹಳದಿ ಜೆಂಷನ್ ಎಂಬ ಗಿಡದ ಬೇರಿನ ಮೇಲೆ. ಅದು ಮೊದಲ ಹೂ ಬಿಡುವುದಕ್ಕೇ ಹಲವಾರು ವರ್ಷ ಕಾಯಬೇಕು; ಗಿಡ ಐವತ್ತು ವರ್ಷ ಬಾಳಬಲ್ಲದು. ಆಳಕ್ಕಿಳಿದ ಬೇರನ್ನು ‘ದೆವ್ವದ ಕವೆಗೋಲು’ ಎಂಬ ಕಬ್ಬಿಣದ ಉಪಕರಣದಿಂದ ಮೀಟಿ ಎಬ್ಬಿಸುತ್ತಾರೆ. ಬೇರು ಹೋದರೆ ಗಿಡವೂ ಹೋದಂತೆ. ಯುರೋಪಿನ 1992ರ ಆವಾಸಸ್ಥಾನ ನಿರ್ದೇಶನದ ಐದನೆಯ ಅನುಬಂಧದಲ್ಲಿ, ಅಂದರೆ ಕೊಯ್ಲಿಗೆ ನಿಯಂತ್ರಣ ವಿಧಿಸಬಹುದಾದ ಜೀವಿಗಳ ಪಟ್ಟಿಯಲ್ಲಿ, ಇದರ ಹೆಸರಿದೆ. ಆಲ್ಪ್ಸ್ ಬೆಟ್ಟಗಳ ಮೇಲಿನ ಜೆನೆಪಿ ಎಂಬ ಪುಟ್ಟ ಮಾಚಿಪತ್ರೆಯನ್ನೂ ಮನೆಮದ್ಯಕ್ಕಾಗಿ ಕೀಳುತ್ತಾರೆ. ಒಬ್ಬರು ಇಂತಿಷ್ಟೇ ಕಡ್ಡಿ ಕೀಳಬೇಕೆಂಬ ನಿಯಮ ಕೆಲವು ಕಡೆಗಳಲ್ಲಿದೆ.

ಮೂಲಿಕೆಯ ಪೇಯಗಳು ಪಶ್ಚಿಮ ಘಟ್ಟಕ್ಕೇನೂ ಹೊಸತಲ್ಲ. ಸೀತಾಶೋಕದ ತೊಗಟೆಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂವು ಮೊದಲಾದವನ್ನು ಸೇರಿಸಿ ಹುಳಿಸಿದರೆ ಅಶೋಕಾರಿಷ್ಟ. ಅದು ಮೋಜಿನ ಪಾನೀಯವಲ್ಲ, ಹೆಣ್ಣುಮಕ್ಕಳ ಔಷಧ. ಹಾಗಾಗಿ ಸನ್ಯಾಸಿಗಳಂತೆ ‘ಇಷ್ಟು ಸಾಕು’ ಎನ್ನುವುದು ಇಲ್ಲಿ ಸುಲಭವಲ್ಲ, ಒಪ್ಪತಕ್ಕದ್ದೇ. ಆದರೆ ಹೊಳೆಯಂಚಿನ ನೆರಳಲ್ಲಿ ಬೆಳೆಯುವ ಆ ಮರ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಪ್ರಭೇದವೆಂದು ದಾಖಲಾಗಿದೆ. ಕಾಂಡದ ಸುತ್ತಲೂ ತೊಗಟೆ ಸುಲಿದರೆ ಮರ ನಿಂತಲ್ಲೇ ಒಣಗುತ್ತದೆ. ಅಸಲು ತೊಗಟೆ ಸಾಲದೆ, ನಗರದ ಉದ್ಯಾನಗಳಲ್ಲಿ ಅಶೋಕವೆಂದೇ ಕರೆಸಿಕೊಳ್ಳುವ ಕಂಬದ ಮರದ ತೊಗಟೆ ವ್ಯಾಪಾರದಲ್ಲಿ ಸೇರಿಕೊಂಡಿರುವುದು ಹಲವು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಕಾಡಿಗೂ ನಷ್ಟ, ರೋಗಿಗೂ ಮೋಸ.

ತಯಾರಕರು ಕೊಳ್ಳುವ ತೊಗಟೆಯ ಪ್ರಮಾಣ, ಅದು ಬಂದ ಕಾಡು ಅಥವಾ ತೋಟ, ಪ್ರತಿಯಾಗಿ ನೆಟ್ಟ ಸಸಿಗಳು ಬಹಿರಂಗವಾಗಬೇಕು. ಅರಣ್ಯ ಇಲಾಖೆಯೂ ತೊಗಟೆಯ ಗುತ್ತಿಗೆಯನ್ನು ಮರಗಳ ಎಣಿಕೆಗೆ ಜೋಡಿಸಬೇಕು, ಹರಾಜಿನ ಆದಾಯಕ್ಕಲ್ಲ. ಅರಿಷ್ಟದ ಸೀಸೆಯ ಮೇಲೆ ತಯಾರಾದ ದಿನಾಂಕವೂ ತಂಡದ ಸಂಖ್ಯೆಯೂ ಇರುತ್ತವೆ. ತೊಗಟೆ ಯಾವ ಹೊಳೆಯ ದಂಡೆಯದು ಎಂಬುದಕ್ಕೆ ಅಲ್ಲಿ ಇನ್ನೂ ಜಾಗವಿಲ್ಲ.