ಮೂರು ದಿನದ ಗಡುವು, ಓದಲಾಗದ ಸಂದೇಶ

ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವುದು ರೈತ ಬಾಂಧವರಿಗೆಲ್ಲ ತಿಳಿದ ಸಂಗತಿ. ದೊಡ್ಡ ಬಸವಣ್ಣನಿಗೆ ಹೊಸ ಕಾಯಿ ಒಪ್ಪಿಸಿ, ಗುಡಿಯ ಮುಂದಿನ ರಸ್ತೆಯ ಎರಡು ಬದಿಗೂ ರಾಶಿ ಹಾಕಿಕೊಂಡು, ಮಾಗಡಿ, ಕನಕಪುರ, ಕೋಲಾರ, ಚಿಂತಾಮಣಿ ಕಡೆಯವರು ಸೇರಿನ ಲೆಕ್ಕದಲ್ಲಿ ಮಾರುತ್ತಾರೆ. ಚಾಮರಾಜಪೇಟೆಯಲ್ಲಿ ಮನೆ ಮಾಡಿಕೊಂಡು ಹಳ್ಳಿಗಳಲ್ಲಿ ಕೃಷಿ ವಿಸ್ತರಣೆಯ ಕೆಲಸ ಮಾಡುವ ನಾನು ಈ ಪರಿಷೆಯನ್ನು ತಪ್ಪಿಸುವುದಿಲ್ಲ. ವರ್ಷವಿಡೀ ಹೊಲದ ಬದುವಿನ ಮೇಲೆ ಸಿಗುವ ಮುಖಗಳು ಆ ದಿನ ನಮ್ಮ ಬೀದಿಗೇ ಬರುತ್ತವೆ.

2024ರ ಪರಿಷೆ ನವೆಂಬರ್ 25ರಂದು ನಡೆಯಿತು. ಮಾಗಡಿ ಕಡೆಯ ಪರಿಚಿತ ರೈತರೊಬ್ಬರು ಕಾಯಿ ಅಳೆದು ಚೀಲಕ್ಕೆ ಸುರಿಯುತ್ತಲೇ, "ಸಾರ್, ಇದೇನು ಸ್ವಲ್ಪ ನೋಡಿ. ಬುಧವಾರ ರಾತ್ರಿ ಬಂದದ್ದು. ಯಾವುದೋ ಕಂಪ್ನಿಯೋರ ಜಾಹೀರಾತು ಅಂತ ಬಿಟ್ಬುಟ್ಟಿದ್ದೆ" ಎಂದು ಫೋನು ಮುಂದೆ ಹಿಡಿದರು. ಬ್ಯಾಂಕಿನಿಂದ ಬಂದ ಎರಡು ಇಂಗ್ಲಿಷ್ ಸಂದೇಶಗಳು. ಒಂದರಲ್ಲಿ 84 ರೂಪಾಯಿ ಚಿಲ್ಲರೆ, ಹತ್ತು ನಿಮಿಷದ ನಂತರದ ಇನ್ನೊಂದರಲ್ಲಿ 18,600 ರೂಪಾಯಿ. ಹೊರದೇಶದ ಯಾವುದೋ ಅಂಗಡಿಗೆ ಅವರ ಕ್ರೆಡಿಟ್ ಕಾರ್ಡಿನಿಂದ ಹಣ ಸಂದಾಯವಾಗಿತ್ತು. ಆ ಹೊತ್ತಿನಲ್ಲಿ ಗೌಡರು ಕಣದಲ್ಲಿ ಕಾಯಿಗೆ ಕಾವಲು ಮಲಗಿದ್ದರು.

"ಐದು ದಿನ ಆಗೋಯ್ತಲ್ಲ ಸಾರ್, ಇನ್ನೇನು ಬರ್ತದೆ" ಎಂದರು. ಅವರಿಗೆ ತಿಳಿಯದಿದ್ದ ವಿಷಯವೆಂದರೆ, ಅಂದೇ ಅವರ ಗಡುವಿನ ಕಡೆಯ ದಿನವಾಗಿತ್ತು.

ನಿಯಮ ಏನು ಹೇಳಿತು?

ಗ್ರಾಹಕನ ಒಪ್ಪಿಗೆಯಿಲ್ಲದೆ ನಡೆದ ವಿದ್ಯುನ್ಮಾನ ವ್ಯವಹಾರಗಳ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಅಂಥದೇ ಆದೇಶ ಬಂತು. ಅದರ ತಿರುಳು ಇಷ್ಟು. ತಪ್ಪು ಬ್ಯಾಂಕಿನದಾದರೆ ಗ್ರಾಹಕನಿಗೆ ಹೊಣೆಯಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವೆ ಬೇರೆಲ್ಲೋ ನಡೆದಿದೆ ಎಂದಾದರೆ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ಪೂರ್ತಿ ಹಣ ಹಿಂದಿರುಗಬೇಕು. ನಾಲ್ಕರಿಂದ ಏಳು ದಿನಗಳಾದರೆ ಗ್ರಾಹಕನೂ ಒಂದು ಮಿತಿಯವರೆಗೆ ನಷ್ಟ ಹೊರಬೇಕು. ಸಾಮಾನ್ಯ ಉಳಿತಾಯ ಖಾತೆಗೂ 5 ಲಕ್ಷದೊಳಗಿನ ಮಿತಿಯ ಕ್ರೆಡಿಟ್ ಕಾರ್ಡಿಗೂ ಆ ಸುತ್ತೋಲೆ ಗೊತ್ತುಮಾಡಿದ್ದು 10,000 ರೂಪಾಯಿ. ಏಳು ದಿನ ದಾಟಿದರೆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯೇ ಗತಿ.

ಲೆಕ್ಕಕ್ಕೆ ಬರುವುದು ಕೆಲಸದ ದಿನಗಳು ಮಾತ್ರ. ಸಂದೇಶ ಬಂದ ದಿನವೂ ಎಣಿಕೆಗೆ ಸೇರದು. ಬುಧವಾರ ಬಂದ ಸಂದೇಶಕ್ಕೆ ಗುರುವಾರ ಒಂದು, ಶುಕ್ರವಾರ ಎರಡು. ಆ ಶನಿವಾರ ತಿಂಗಳ ನಾಲ್ಕನೆಯದಾದ್ದರಿಂದ ಬ್ಯಾಂಕಿಗೆ ರಜೆ, ಭಾನುವಾರವಂತೂ ರಜೆಯೇ. ಸೋಮವಾರ ಮೂರು. ಪರಿಷೆಯ ಗದ್ದಲದ ನಡುವೆಯೇ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿದ್ದ ದೂರವಾಣಿ ಸಂಖ್ಯೆಗೆ ಫೋನು ಮಾಡಿಸಿದೆ. ಕಾರ್ಡು ನಿಂತಿತು. ದೂರಿನ ಸಂಖ್ಯೆಯನ್ನು ಕಡಲೆಕಾಯಿ ಪೊಟ್ಟಣದ ಕಾಗದದ ಮೇಲೆ ಬರೆದುಕೊಂಡೆವು. ಬಳಿಕ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಿಳಿಸಿದೆವು.

ಶಾಖೆಯಲ್ಲಿ ಆದ ಅನುಭವ

ಮಾರನೆಯ ದಿನ ಅವರ ಶಾಖೆಗೆ ಜೊತೆಯಲ್ಲೇ ಹೋದೆ. ಕೌಂಟರಿನಲ್ಲಿದ್ದವರ ಮೊದಲ ಮಾತು, "ನೀವೇ ಯಾರಿಗೋ ಒಟಿಪಿ ಹೇಳಿರ್ತೀರಿ" ಎಂಬುದು. ಗೌಡರು ತಲೆ ತಗ್ಗಿಸಿದರು. ಹೇಳದಿದ್ದವರಿಗೂ ಹೇಳಿರಬಹುದೇನೋ ಎಂಬ ಅಳುಕು ಹುಟ್ಟಿಸುವ ಮಾತು ಅದು. ಒಟಿಪಿ ಬಂದೇ ಇರಲಿಲ್ಲ. ನಮ್ಮ ದೇಶದ ಅಂಗಡಿಗಳು ಕಾರ್ಡಿನ ಸಂಖ್ಯೆಯ ಜೊತೆಗೆ ಎರಡನೆಯ ಖಾತ್ರಿಯನ್ನೂ ಕೇಳುವ ಕ್ರಮ 2009ರಿಂದ ಬಂದಿದೆ. ಆದರೆ ಹೊರದೇಶದ ಅನೇಕ ಅಂಗಡಿಗಳಿಗೆ ಸಂಖ್ಯೆ, ಅವಧಿಯ ತಿಂಗಳು, ಬೆನ್ನಿನ ಮೂರು ಅಂಕಿ ಇಷ್ಟಿದ್ದರೆ ಸಾಕು. ಗೌಡರ ಮಗ ಸಿಂಪರಣೆ ಯಂತ್ರದ ಬಿಡಿಭಾಗ ತರಿಸಲು ಆ ಕಾರ್ಡನ್ನು ಒಮ್ಮೆ ಬಳಸಿದ್ದ. ಬ್ಯಾಂಕಿನ ಆ್ಯಪ್ ಹಾಕಿಕೊಂಡ ದಿನ ಎಲ್ಲದಕ್ಕೂ 'ಸರಿ' ಒತ್ತುತ್ತ ಹೋಗಿ, ಹೊರದೇಶದ ವ್ಯಾಪಾರದ ಬಾಗಿಲನ್ನೂ ತೆರೆದುಬಿಟ್ಟಿದ್ದ. ಕಾರ್ಡಿನ ವಿವರ ಎಲ್ಲಿ ಸೋರಿತೆಂಬುದು ಕೊನೆಯವರೆಗೂ ತಿಳಿಯಲಿಲ್ಲ.

ಕನ್ನಡದಲ್ಲಿ ಒಂದು ಪುಟದ ಅರ್ಜಿ ಬರೆದು, ಎರಡು ಪ್ರತಿ ಮಾಡಿ, ಒಂದರ ಮೇಲೆ ಮೊಹರು ಮತ್ತು ತಾರೀಖು ಹಾಕಿಸಿಕೊಂಡೆವು. 2017ರ ಸುತ್ತೋಲೆಯ ಎರಡು ಮಾತುಗಳನ್ನು ಅದರಲ್ಲಿ ಉಲ್ಲೇಖಿಸಿದ್ದೆ. ದೂರು ತಲುಪಿದ ಹತ್ತು ಕೆಲಸದ ದಿನಗಳೊಳಗೆ ತಾತ್ಕಾಲಿಕವಾಗಿ ಹಣ ಜಮಾ ಮಾಡಬೇಕು, 90 ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು ಎಂಬುದು ಒಂದು. ಗ್ರಾಹಕನದೇ ತಪ್ಪು ಎಂದು ಸಾಬೀತುಮಾಡುವ ಭಾರ ಬ್ಯಾಂಕಿನದು ಎಂಬುದು ಇನ್ನೊಂದು.

ಹತ್ತು ದಿನದೊಳಗೆ ಜಮಾ ಬಂತು. ಆದರೆ ಮುಂದಿನ ಬಿಲ್ಲಿನಲ್ಲಿ ತಡವಾದ ದಂಡ, ಬಡ್ಡಿ ಎರಡೂ ಹತ್ತಿದ್ದವು. ವಂಚನೆ ಎಂದು ಗ್ರಾಹಕ ಆಕ್ಷೇಪಿಸಿದ ಮೊತ್ತದ ಮೇಲೆ ತೀರ್ಮಾನವಾಗುವ ತನಕ ಯಾವ ಶುಲ್ಕವೂ ಹಾಕಬಾರದೆಂದು ರಿಸರ್ವ್ ಬ್ಯಾಂಕಿನ 2022ರ ಕಾರ್ಡು ನಿರ್ದೇಶನ ಹೇಳಿತ್ತು. ಅದನ್ನು ತೋರಿಸಿ ಮತ್ತೊಂದು ಅರ್ಜಿ ಕೊಡಬೇಕಾಯಿತು. ಫೆಬ್ರವರಿಯಲ್ಲಿ ಎಲ್ಲವೂ ಚುಕ್ತಾ ಆಯಿತು. ಈ ನಡುವೆ ಗೌಡರು ಮಾಗಡಿಗೂ ಶಾಖೆಗೂ ನಾಲ್ಕು ಬಾರಿ ಓಡಾಡಿದರು. ಆ ನಾಲ್ಕು ದಿನದ ಕೂಲಿಯನ್ನು ಯಾರೂ ಕೊಡಲಿಲ್ಲ.

ನನ್ನ ತಕರಾರು

ಬ್ಯಾಂಕಿನವರ ಪರವಾಗಿಯೂ ಒಂದು ಮಾತು ಹೇಳಬೇಕು. ಫೋನಿನಲ್ಲಿ ಒಟಿಪಿ ಹೇಳಿ, ಬಳಿಕ ಹೇಳಲಿಲ್ಲವೆಂದು ವಾದಿಸುವವರನ್ನು ಅವರು ದಿನವೂ ನೋಡುತ್ತಾರೆ. ನಾನೂ ನೋಡಿದ್ದೇನೆ. ಗೊಬ್ಬರದ ಅಂಗಡಿಯವನ ಬಳಿ ಕಾರ್ಡು ಬಿಟ್ಟು, ಪಿನ್ ಸಂಖ್ಯೆಯನ್ನು ಕಾರ್ಡಿನ ಚೀಲದ ಮೇಲೆಯೇ ಬರೆದುಕೊಟ್ಟ ರೈತರಿದ್ದಾರೆ. ಅಂಥ ಕಡೆ ನಷ್ಟ ಗ್ರಾಹಕನದೇ ಎನ್ನುತ್ತದೆ ಆ ಸುತ್ತೋಲೆ. ಆದರೂ ಅದರಲ್ಲೊಂದು ಷರತ್ತಿದೆ: ಗ್ರಾಹಕ ತಿಳಿಸಿದ ಗಳಿಗೆಯಿಂದ ಮುಂದೆ ಹೋಗುವ ಹಣಕ್ಕೆ ಬ್ಯಾಂಕೇ ಹೊಣೆ. ಆದ್ದರಿಂದ ಮೋಸಹೋಗಿ ಒಟಿಪಿ ಹೇಳಿದವನೂ ನಾಚಿ ಕೂರದೆ ಅಂದೇ ಬಾಯಿಬಿಡಬೇಕು.

ಎಲ್ಲವನ್ನೂ ಗ್ರಾಹಕನ ತಲೆಗೇ ಕಟ್ಟುವುದು ಮಾತ್ರ ಸರಿಯಲ್ಲ. 2016ರಲ್ಲಿ ದೇಶದ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ವಿವರ ಅಪಾಯಕ್ಕೊಳಗಾದಾಗ, ಸೋರಿಕೆ ನಡೆದದ್ದು ಎಟಿಎಂ ಜಾಲ ನಡೆಸುವ ಸಂಸ್ಥೆಯೊಂದರ ಕಂಪ್ಯೂಟರಿನಲ್ಲಿ. ಕಾರ್ಡುದಾರರು ಯಾರಿಗೂ ಏನೂ ಹೇಳಿರಲಿಲ್ಲ. ನಮ್ಮ ರಾಜ್ಯದಲ್ಲೇ 2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡ ಹಲವರ ಖಾತೆಗಳಿಂದ ಆಧಾರ್ ಬೆರಳಚ್ಚಿನ ಮೂಲಕ ಹಣ ಹೋಯಿತು. ಅವರು ಮಾಡಿದ್ದು ಕಾನೂನಿನಂತೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದು ಮಾತ್ರ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮೂರು ದಿನದ ಗಡಿಯಾರ ಓಡಲು ಶುರುವಾಗುವುದು ಸಂದೇಶ ಕೈಸೇರಿದ ದಿನದಿಂದ. ಆದರೆ ಆ ಸಂದೇಶ ಯಾವ ಭಾಷೆಯಲ್ಲಿದೆ? ಕಡಲೆಕಾಯಿಗೆ ಕಂಬಳಿಹುಳು ಬರುವ ಮುನ್ಸೂಚನೆಯನ್ನು ನಮ್ಮ ಇಲಾಖೆ ಇಂಗ್ಲಿಷಿನಲ್ಲಿ ಹೊರಡಿಸಿ, ನಾಲ್ಕು ದಿನವಾದ ಮೇಲೆ 'ತಿಳಿಸಿದ್ದೆವಲ್ಲ' ಎಂದರೆ ರೈತರು ಸುಮ್ಮನಿರುತ್ತಾರೆಯೇ? ಓದಲಾಗದ ಸಂದೇಶ ತಲುಪಿದರೂ ತಲುಪದ ಹಾಗೆಯೇ. ಗೌಡರ ಗಡುವು ಉಳಿದದ್ದು ಒಂದು ಶನಿವಾರದ ರಜೆಯಿಂದ, ಕಾಕತಾಳೀಯವಾಗಿ ನಾನು ಕಾಯಿ ಕೊಳ್ಳಲು ಹೋದದ್ದರಿಂದ. ನಿಯಮವೊಂದು ಇಂಥ ಅದೃಷ್ಟದ ಮೇಲೆ ನಿಲ್ಲಬಾರದು.

ಆದಕಾರಣ ನನ್ನ ಬೇಡಿಕೆ ಮೂರು. ಖಾತೆ ತೆರೆಯುವಾಗಲೇ ಗ್ರಾಹಕನನ್ನು ಕೇಳಿ, ಬಯಸಿದವರಿಗೆ ಹಣ ಹೋದ ಸಂದೇಶವನ್ನು ಕನ್ನಡದಲ್ಲೇ ಕಳಿಸಬೇಕು. ಹಾಗೆ ಕಳಿಸದ ಕಡೆ ಗಡುವು ಮೀರಿತೆಂದು ಗ್ರಾಹಕನಿಗೆ ನಷ್ಟ ಹೊರಿಸಬಾರದು. ಕನ್ನಡದ ಅರ್ಜಿಯನ್ನು ಶಾಖೆಯ ಕೌಂಟರಿನಲ್ಲೇ ಪಡೆದು, ಕೇಳದೆಯೇ ಸ್ವೀಕೃತಿ ಕೊಡಬೇಕು.

ರೈತರು ಮಾಡಬೇಕಾದ್ದು

ಬೇಡಿಕೆ ಈಡೇರುವ ತನಕ ನಮ್ಮ ಎಚ್ಚರ ನಮಗಿರಬೇಕು. ಬ್ಯಾಂಕಿಗೆ ಕೊಟ್ಟ ಫೋನ್ ಸಂಖ್ಯೆ ಈಗಲೂ ನಿಮ್ಮ ಬಳಿ ಇದೆಯೇ ಎಂದು ಇದೇ ವಾರ ನೋಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಅದು ಮಗನ ಹಳೆಯ ಸಂಖ್ಯೆ. ಮಗ ಪೇಟೆ ಸೇರಿ ಸಿಮ್ ಬದಲಿಸಿದ್ದಾನೆ, ಸಂದೇಶ ಯಾರಿಗೋ ಹೋಗುತ್ತಿದೆ. ಬಾರದ ಸಂದೇಶಕ್ಕೆ ದೂರು ಕೊಡುವುದಾದರೂ ಹೇಗೆ?

ಚಿಕ್ಕ ಮೊತ್ತವನ್ನು ಕಡೆಗಣಿಸಬೇಡಿ. ಕಳ್ಳರು ಮೊದಲು ಒಂದಿಷ್ಟು ಚಿಲ್ಲರೆ ತೆಗೆದು ಕಾರ್ಡು ನಡೆಯುತ್ತದೆಯೇ ಎಂದು ನೋಡುತ್ತಾರೆ. ಎಲೆಯ ಮೇಲೆ ಮೊಟ್ಟೆಯ ಗುಂಪು ಕಂಡ ದಿನವೇ ಆರಿಸಿ ಹಾಕಿದರೆ ಹೊಲ ಉಳಿಯುತ್ತದೆ. ಹುಳು ಹರಿದಾಡತೊಡಗಿದ ಮೇಲೆ ಔಷಧಿಯ ಖರ್ಚೂ ಹೆಚ್ಚು, ಬೆಳೆಯೂ ಕಡಿಮೆ.

ಹೊರದೇಶದ ವ್ಯಾಪಾರ, ಆನ್‌ಲೈನ್ ವ್ಯಾಪಾರ, ಪಿನ್ ಇಲ್ಲದೆ ತಾಗಿಸಿ ಕೊಡುವ ವ್ಯವಸ್ಥೆ, ಇವನ್ನು ಬೇಡವಾದಾಗ ಮುಚ್ಚುವ ಸೌಲಭ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕು 2020ರಲ್ಲಿ ಆದೇಶಿಸಿತು. ತಾಗಿಸಿ ಕೊಡುವಾಗ 5,000 ರೂಪಾಯಿಯವರೆಗೆ ಪಿನ್ ಬೇಕಿಲ್ಲವೆಂಬುದು 2021ರ ಜನವರಿಯಿಂದ ಬಂದ ಕ್ರಮ. ಮಗನನ್ನೋ ಮಗಳನ್ನೋ ಕೂರಿಸಿಕೊಂಡು, ಬಳಸದ ಬಾಗಿಲುಗಳನ್ನೆಲ್ಲ ಮುಚ್ಚಿಸಿ. ಆಧಾರ್ ಬೆರಳಚ್ಚಿಗೂ ಬೀಗ ಹಾಕಬಹುದು. ಪಡಿತರಕ್ಕೆ ಬೇಕಾದಾಗ ತೆಗೆಯಬಹುದು.

ಕಾರ್ಡಿನ ಚಿತ್ರವನ್ನು ವಾಟ್ಸಾಪಿನಲ್ಲಿ ಯಾರಿಗೂ ಕಳಿಸಬೇಡಿ. ಗೊಬ್ಬರದ ಅಂಗಡಿಯಲ್ಲಿ ಕಾರ್ಡು ಕಣ್ಣ ಮುಂದೆಯೇ ಇರಲಿ. ಪಿನ್ ಒತ್ತುವಾಗ ಅಂಗೈ ಅಡ್ಡ ಇರಲಿ. ಕಿಸಾನ್ ಕ್ರೆಡಿಟ್ ಕಾರ್ಡಿಗೂ ಇದೇ ಮಾತು ಅನ್ವಯಿಸುತ್ತದೆ. ಅದರಿಂದ ಹೋದ ಹಣ ನಿಮ್ಮ ಹೆಸರಿನಲ್ಲಿ ಸಾಲವಾಗಿ ನಿಲ್ಲುತ್ತದೆ. ಪಿಎಂ ಕಿಸಾನ್ ಎಂಬ ಹೆಸರು ಹೊತ್ತು ವಾಟ್ಸಾಪಿನಲ್ಲಿ ಬರುವ ಎಪಿಕೆ ಕಡತವನ್ನು ಮುಟ್ಟಲೇಬೇಡಿ. ಅದು ನಿಮ್ಮ ಸಂದೇಶಗಳನ್ನು ಕಳ್ಳನಿಗೆ ಓದಿ ಹೇಳುವ ಗೂಢಚಾರ.

ಹಣ ಹೋದದ್ದು ಕಂಡ ಕೂಡಲೆ ಕಾರ್ಡು ನಿಲ್ಲಿಸಿ, 1930ಕ್ಕೆ ತಿಳಿಸಿ, ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಮೊಹರು ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು; ಅದಕ್ಕೆ ಶುಲ್ಕವಿಲ್ಲ. ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ, ಸದ್ಯದ ಗಡುವು ಮತ್ತು ಮಿತಿಯನ್ನು ಶಾಖೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ನಮ್ಮ ಚಾಮರಾಜಪೇಟೆಯ ಪಂಪಮಹಾಕವಿ ರಸ್ತೆಯಲ್ಲಿ ಎರಡು ಸಂಸ್ಥೆಗಳಿವೆ. ಒಂದು ಕನ್ನಡ ಸಾಹಿತ್ಯ ಪರಿಷತ್ತು. ಇನ್ನೊಂದು, ರೈತರಿಗೆ ಸಾಲ ತಲುಪಿಸುವ ಸಹಕಾರಿ ವ್ಯವಸ್ಥೆಯ ತಲೆಮನೆಯಾದ ರಾಜ್ಯ ಅಪೆಕ್ಸ್ ಬ್ಯಾಂಕು. ಎರಡೂ ಹುಟ್ಟಿದ್ದು 1915ರಲ್ಲಿ. ಒಂದು ಕನ್ನಡಕ್ಕಾಗಿ, ಒಂದು ರೈತನಿಗಾಗಿ. ದಿನವೂ ಆ ದಾರಿಯಲ್ಲಿ ಬಸ್ಸಿಗೆ ಹೋಗುವ ನನಗೆ, ರೈತನ ಹಣದ ಸುದ್ದಿಯನ್ನು ರೈತನ ಭಾಷೆಯಲ್ಲಿ ಹೇಳುವುದು ಈ ನಾಡಿನ ಯಾವ ಬ್ಯಾಂಕಿಗೂ ದೊಡ್ಡ ಕೆಲಸವಲ್ಲ ಎನ್ನಿಸುತ್ತದೆ. ಮಗ್ಗುಲಲ್ಲೇ ಇರುವ ಎರಡು ಮನೆಗಳ ಮಾತು ಒಂದಾದರೆ ಸಾಕು.