ಹೊಲದ ಬದುವಿನ ಪಂಚಾಂಗ

ಮಳೆ ಯಾವಾಗ ಬಂದೀತು ಎಂದು ಕೇಳಿದರೆ ಈಗ ನಮ್ಮ ಹುಡುಗರು ಆಕಾಶದ ಕಡೆ ನೋಡುವುದಿಲ್ಲ. ಅಂಗೈಯಲ್ಲಿರುವ ಫೋನಿನ ಕಡೆ ನೋಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಹವಾಮಾನ ಇಲಾಖೆಯ ಮುನ್ಸೂಚನೆ ಹಿಂದಿಗಿಂತ ಎಷ್ಟೋ ಸುಧಾರಿಸಿದೆ. ಕಡಲಲ್ಲಿ ಚಂಡಮಾರುತ ಎದ್ದರೆ ದಿನಗಳ ಮೊದಲೇ ನಮಗೆ ಸುದ್ದಿ ಮುಟ್ಟುತ್ತದೆ. ಆದರೆ ಫೋನು ಹೇಳುವುದು ಸೀಮೆಯ ಮಾತು. ಕೆರೆಯ ಕೆಳಗಿನ ನಿಮ್ಮ ಎರಡು ಎಕರೆಯ ಮಾತನ್ನು ಅದು ಹೇಳಲಾರದು. ಅದನ್ನು ಹೇಳುವ ಸಾಕ್ಷಿಗಳು ಹೊಲದ ಬದುವಿನಲ್ಲೇ ಇವೆ. ಅವನ್ನು ನೋಡುವ ಅಭ್ಯಾಸ ನಮ್ಮಲ್ಲಿ ಕಡಮೆಯಾಗುತ್ತಿದೆ. ಅದರೊಂದಿಗೆ ಕಾಸಿನ ಖರ್ಚಿಲ್ಲದ ಸಂತೋಷವೊಂದೂ ಕೈಬಿಡುತ್ತಿದೆ. ಈ ವಾರ ನಾವು ಹೇಳಬೇಕೆಂದಿರುವುದು ಇದನ್ನೇ.

ಹೊಸೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಶೂಲಗಿರಿ ದಾಟಿ ಇಳಿದರೆ ಕೃಷ್ಣಗಿರಿ ಸಾವಿರ ಅಡಿಗೂ ಹೆಚ್ಚು ತಗ್ಗು. ಅಲ್ಲಿಯವರು ಬೆವರು ಒರೆಸಿಕೊಳ್ಳುವ ಸಂಜೆ ಇಲ್ಲಿಯವರಿಗೆ ತಂಗಾಳಿ. ಒಂದೇ ಜಿಲ್ಲೆಯೊಳಗೆ ಹೀಗಿರುವಾಗ, ಋತುವನ್ನು ಅವರವರ ಊರಲ್ಲಿ ಅವರವರೇ ಗುರುತಿಸಿಕೊಳ್ಳಬೇಕಷ್ಟೆ.

ಯುಗಾದಿಯ ಹೊತ್ತಿಗೆ, ಎಲೆ ಉದುರಿಸಿ ನಿಂತಿದ್ದ ಹೊಂಗೆ ಹೊಳೆಯುವ ಎಳೆಹಸುರು ತಳೆಯುತ್ತದೆ. ಕೆಲವು ವಾರ ಕಳೆದರೆ ಅದರ ಹೂವು ನೆಲಕ್ಕೆ ಚಾಪೆ ಹಾಸಿದಂತೆ ಬಿದ್ದಿರುತ್ತದೆ. ಗುಡಿಸಿ ತಿಪ್ಪೆಗೆ ಹಾಕಿದವನಿಗೆ ಗೊಬ್ಬರ. ಮಧ್ಯಾಹ್ನ ಅದರ ನೆರಳಲ್ಲಿ ಟವಲು ಹಾಸಿದವನಿಗೆ ನಿದ್ದೆ. ಬೇಸಗೆಯ ಆರಂಭದಲ್ಲೇ ಜಗಲಿಗಳ ಮೇಲೆ ಹೆಂಗಸರು ಹುಣಿಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತ ಕೂರುತ್ತಾರೆ. ಬಾಯಲ್ಲಿ ನೀರೂರದೆ ಆ ಬೀದಿ ದಾಟಿದವರುಂಟೆ?

ಬಳಿಕ ಮಳೆಗಳ ಸರದಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆ ಹದಕ್ಕೆ ನೇಗಿಲು ಹೂಡಿದರೆ ನೆಲ ಸಡಿಲವಾಗುತ್ತದೆ, ಕಳೆ ಮೊಳೆತು ಮುಂದಿನ ಉಳುಮೆಯಲ್ಲಿ ಸಾಯುತ್ತದೆ. ನೆಲ ಚೆನ್ನಾಗಿ ನೆನೆದ ಸಂಜೆ ಹುತ್ತದಿಂದ ಈಸಲು ಹೊರಡುತ್ತದೆ. ಅದನ್ನು ಹಿಡಿದು ಹುರಿದು ತಿಂದ ರುಚಿ ನಮ್ಮ ಹಿರಿಯರಿಗೆ ಗೊತ್ತು. ಮೇಲ್ಮಣ್ಣು ಮಾತ್ರ ಒದ್ದೆಯಾದ ದಿನ ಸಾಮಾನ್ಯವಾಗಿ ಅದು ಹೊರಡುವುದಿಲ್ಲ. ತೇವ ಎಷ್ಟು ಇಳಿದಿದೆ ಎಂದು ಹೇಳಲು ಇದಕ್ಕಿಂತ ಅಗ್ಗದ ಯಂತ್ರ ಯಾವುದಿದೆ?

ಮಳೆಯ ಹೆಸರುಗಳ ಲೆಕ್ಕವೂ ಗಟ್ಟಿಯಾದದ್ದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ; ಆದ್ದರಿಂದ ಇದು ಚಾಂದ್ರಮಾನದ ಹಬ್ಬಗಳಂತೆ ವರ್ಷ ವರ್ಷವೂ ಹಿಂದುಮುಂದಾಗದು. ಪುಷ್ಯ ಎಂದರೆ ಜುಲೈ 20ರ ಸುಮಾರು. ಅದೇ ಕಾಲದಲ್ಲಿ ನೆರೆಯ ತಮಿಳು ರೈತ ‘ಆಡಿಪ್ಪಟ್ಟಂ ತೇಡಿ ವಿದೈ’ ಎನ್ನುತ್ತಾನೆ, ಆಡಿ ತಿಂಗಳ ಹದವನ್ನು ಹುಡುಕಿ ಬಿತ್ತು ಎಂದು. ತೆಲುಗಿನವನು ನಕ್ಷತ್ರಕ್ಕೆ ಕಾರ್ತೆ ಎನ್ನುತ್ತಾನೆ, ನಮ್ಮ ಹುಬ್ಬೆಯನ್ನು ಪುಬ್ಬ ಎನ್ನುತ್ತಾನೆ. ಮೂರು ನುಡಿಯವರೂ ಒಂದೇ ಮುಗಿಲಿಗೆ ಮುಖವೆತ್ತಿ ರಾಗಿ ಬಿತ್ತುವ ಸೀಮೆ ನಮ್ಮದು.

ರಾಗಿಯ ನಡುವೆ ಅಕ್ಕಡಿ ಸಾಲಿನ ಹುಚ್ಚೆಳ್ಳು ಹಳದಿಯಾಗಿ ಅರಳಿತೆಂದರೆ ಮಳೆಗಾಲ ಕೊನೆಗೆ ಬಂದಿದೆ ಎಂದು ತಿಳಿಯಬೇಕು. ಆಮೇಲೆ ಮಂಜು, ಮಂಜಿನೊಡನೆ ಅವರೆಯ ಸೊಗಡು. ಕಾಯಿ ಬಿಡಿಸಿದ ಕೈಯ ವಾಸನೆ ಸಂಜೆಯವರೆಗೂ ಹೋಗದು. ಹಿತಕಿದ ಅವರೆಯ ಸಾರಿನ ಜೊತೆ ಬಿಸಿ ಮುದ್ದೆ ಇದ್ದರೆ ಚಳಿಗಾಲವನ್ನು ಬೈಯುವವರು ಯಾರೂ ಇಲ್ಲ.

ಆದರೆ ಋತುವಿನ ಗುರುತುಗಳೆಲ್ಲ ಸವಿಯಲ್ಲ. ರಾಗಿ ತೆನೆ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯ ಕಾಡಿನಿಂದ ಆನೆಗಳ ಹಿಂಡು ಜವಳಗಿರಿ, ಡೆಂಕಣಿಕೋಟೆ, ಸಾನಮಾವು ಕಡೆಗೆ ಬರುತ್ತದೆ. ನಾವು ಕಾಲವನ್ನು ಓದುವಂತೆ ಅವೂ ಓದುತ್ತವೆ. ಒಂದೇ ರಾತ್ರಿಯಲ್ಲಿ ವರ್ಷದ ಕೂಳು ಹೋಗುತ್ತದೆ. ಪ್ರಾಣ ಹೋದದ್ದೂ ಉಂಟು. ಹೊಸ ಲದ್ದಿಯನ್ನೂ ಹೆಜ್ಜೆಯನ್ನೂ ಮುಂಜಾನೆ ಕಂಡವನು ನಾಲ್ಕು ಮನೆಗೆ ಹೇಳಿದರೆ ಆ ರಾತ್ರಿ ಊರು ಎಚ್ಚರವಾಗಿರುತ್ತದೆ. ಹಾಗೆಯೇ ಮಾವು. ಕೃಷ್ಣಗಿರಿ ಕಡೆ ಬೆಂಗಳೂರಾ ಎಂದು ಕರೆಯುವ ತೋತಾಪುರಿ ಹೂಬಿಟ್ಟಾಗ ಅದರ ಕಂಪಿಗೆಂದೇ ತೋಟ ಸುತ್ತುವವರಿದ್ದಾರೆ. ಎಲೆಗಳು ಎಣ್ಣೆ ಸವರಿದಂತೆ ಅಂಟಂಟಾಗಿ ಹೊಳೆದರೆ ಮೇಲೆ ಜಿಗಿಹುಳು ರಸ ಹೀರುತ್ತಿದೆ ಎಂದು ಅವರಿಗೇ ಮೊದಲು ತಿಳಿಯುತ್ತದೆ. ಅಂಟಿನ ಮೇಲೆ ಕಪ್ಪು ಬೂಷ್ಟು ಹಿಡಿದು ಹೂವು ಉದುರಿದ ಮೇಲೆ ಓಡುವವನಿಗೆ ಔಷಧದ ಖರ್ಚು ಮಾತ್ರ ಉಳಿಯುತ್ತದೆ. ಸಂತೋಷಕ್ಕಾಗಿ ನೋಡಿದ ಕಣ್ಣು ಹೀಗೆ ಸಂಸಾರವನ್ನೂ ಕಾಯುತ್ತದೆ.

ಈಗ ಮಳೆಗಳು ಹೆಸರಿಗೆ ಸರಿಯಾಗಿ ಬರುವುದೇ ಇಲ್ಲ, ಹಳೆಯ ಗುರುತುಗಳಿಂದ ಏನು ಪ್ರಯೋಜನ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕಾಲ ಬದಲಾಗುತ್ತಿರುವುದರಿಂದಲೇ ನೋಡುವುದರ ಜೊತೆಗೆ ಬರೆದಿಡುವುದೂ ಅಗತ್ಯ ಎಂದು ನಾವು ಹೇಳುತ್ತೇವೆ. ಜಪಾನಿನ ಕ್ಯೋಟೋ ನಗರದಲ್ಲಿ ಚೆರಿ ಹೂವು ಅರಳಿದ ದಿನಗಳನ್ನು 9ನೆಯ ಶತಮಾನದಿಂದಲೂ ಜನ ತಮ್ಮ ದಿನಚರಿಗಳಲ್ಲಿ ಗುರುತು ಹಾಕಿದ್ದಾರೆ. ಅವರು ಬರೆದದ್ದು ಹೂವಿನ ಸೊಗಸಿಗಾಗಿ. 2021ರಲ್ಲಿ ಮಾರ್ಚ್ 26ಕ್ಕೇ ಹೂವು ತುಂಬಿ ಅರಳಿದಾಗ, 1,200 ವರ್ಷಗಳಲ್ಲಿ ಇಷ್ಟು ಬೇಗ ಅರಳಿದ ದಾಖಲೆಯಿಲ್ಲವೆಂದು ಲೋಕಕ್ಕೆ ತಿಳಿದದ್ದು ಆ ಬರಹಗಳಿಂದ.

ನಮ್ಮಲ್ಲಿ ಅಷ್ಟು ದೊಡ್ಡ ಏರ್ಪಾಡು ಬೇಡ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಸಾಕು. ಹೊಂಗೆ ಚಿಗುರಿದ್ದು, ಈಸಲು ಎದ್ದದ್ದು, ರಾಗಿ ಬಿತ್ತಿದ್ದು, ಮೊದಲ ಮಂಜು, ಮೊದಲ ಅವರೆ, ಮಾವಿನ ಮೊದಲ ಹೂವು, ಆನೆ ಬಂದ ರಾತ್ರಿ, ಇವನ್ನು ಆಯಾ ತಾರೀಖಿನ ಮನೆಯಲ್ಲಿ ಒಂದು ಮಾತಿನಲ್ಲಿ ಗುರುತು ಹಾಕಿ, ವರ್ಷ ಮುಗಿದ ಮೇಲೆ ಆ ಹಾಳೆಗಳನ್ನು ಎತ್ತಿಡಿ. ಹತ್ತು ವರ್ಷದ ಹಾಳೆ ಕೂಡಿದರೆ ನಿಮ್ಮ ಹೊಲದ ಪಂಚಾಂಗ ನಿಮ್ಮ ಕೈಯಲ್ಲೇ ಇರುತ್ತದೆ. ಬೀಜ ಕೇಳಲು ಪೈಯೂರಿನ ಸಂಶೋಧನಾ ಕೇಂದ್ರಕ್ಕೆ ಹೋದಾಗಲೂ ಅದು ಉಪಯೋಗಕ್ಕೆ ಬರುತ್ತದೆ.

ಬರೆಯುವ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಿದರೆ ಇನ್ನೂ ಒಳ್ಳೆಯದು. ಶಾಲೆಯ ಪಾಠ ತಮಿಳಿನಲ್ಲಿರಲಿ, ಇಂಗ್ಲಿಷಿನಲ್ಲಿರಲಿ. ಮಳೆಯ ಹೆಸರನ್ನು ಕನ್ನಡದಲ್ಲಿ ಕಲಿಸಲು ಅಜ್ಜಿ ಸಾಕು. ಮುಂದೆ ಆ ಮಗು ಸಿಪ್ಕಾಟಿನ ಕಾರ್ಖಾನೆಗೇ ಹೋಗಲಿ, ಪಾಳಿ ಮುಗಿಸಿ ಬರುವಾಗ ಮಣ್ಣಿನ ವಾಸನೆ ಬಂದರೆ ಇದು ಯಾವ ಮಳೆ ಎಂದು ಅದಕ್ಕೆ ತಿಳಿದಿರಬೇಕು.